ಡಾನ್ಸ್, ಡ್ಯಾನ್ಸ್, ಶಾರ್ಟ್, ಸ್ಪೋರ್ಟ್: ಇಂಗ್ಲಿಷ್ ಸ್ವರಗಳು ಊರಿಂದೂರಿಗೆ ಏಕೆ ಬೇರೆ?

ದಾವಣಗೆರೆ ಟೀಚರ್:
ನಾನು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಮಕ್ಕಳು ಮೊಬೈಲಿನ ವಿಡಿಯೊಗಳಿಂದ ಒಬ್ಬೊಬ್ಬರು ಒಂದೊಂದು ಉಚ್ಚಾರಣೆ ಕಲಿತು ಬರುತ್ತಿದ್ದಾರೆ. ಒಬ್ಬಳು ‘ಡಾನ್ಸ್’ ಎನ್ನುತ್ತಾಳೆ, ಪಕ್ಕದವಳು ‘ಡ್ಯಾನ್ಸ್’ ಎನ್ನುತ್ತಾಳೆ, ಕೊನೆಗೆ ಇಬ್ಬರೂ ನನ್ನ ಕಡೆ ನೋಡುತ್ತಾರೆ. ಪೋಷಕರೊಬ್ಬರು ಮಗುವಿನ ಡೈರಿಯಲ್ಲಿ ಹೀಗೆ ಬರೆದು ಕಳುಹಿಸಿದ್ದಾರೆ: ‘ನೀವು ರೋಡ್, ಕೇಕ್ ಎಂದು ಕನ್ನಡದ ಹಾಗೆ ಎಳೆಯುತ್ತೀರಿ. ಇಂಗ್ಲಿಷರು ಹಾಗೆ ಹೇಳುವುದಿಲ್ಲ.’ ಪಠ್ಯಪುಸ್ತಕದಲ್ಲಿ ಇದಕ್ಕೆ ಉತ್ತರ ಸಿಗಲಿಲ್ಲ. ಇಂಗ್ಲಿಷನ್ನು ತಾಯ್ನುಡಿಯಾಗಿ ಆಡುವ ನಾಡುಗಳಲ್ಲೇ ಸ್ವರಗಳು ಹೀಗೆ ಬದಲಾಗುತ್ತವೆಯೇ? ಬದಲಾಗುವುದಾದರೆ ನಾನು ಯಾವುದನ್ನು ಕಲಿಸಬೇಕು? ಹೊರದೇಶಗಳಲ್ಲಿರುವವರು ತಾವು ಕಿವಿಯಾರೆ ಕೇಳಿದ್ದನ್ನು ಬರೆದರೆ ಉಪಕಾರವಾಗುತ್ತದೆ.

ಲೀಡ್ಸ್ ಕನ್ನಡಿಗ:
ಟೀಚರ್, ಆ ಪೋಷಕರನ್ನು ಉತ್ತರ ಇಂಗ್ಲೆಂಡಿನ ಯಾರ್ಕ್‌ಶೈರ್‌ಗೆ ಕಳುಹಿಸಿಕೊಡಿ. ನಾನು ಇಲ್ಲಿನ ಆಸ್ಪತ್ರೆಯಲ್ಲಿ ವೈದ್ಯ. ವಾರ್ಡಿನ ಹಿರಿಯ ರೋಗಿಗಳು ‘ರೋಡ್’, ‘ಹೋಮ್’, ‘ನೋ’ ಎನ್ನುವಾಗ ಕೇಳಿಸುವುದು ಅಪ್ಪಟ ದೀರ್ಘ ಓಕಾರ. ‘ಕೇಕ್’, ‘ಡೇ’ ಎನ್ನುವಾಗ ನೇರವಾದ ಏಕಾರ. ಲಂಡನ್ನಿನವರು ಇವೇ ಸ್ವರಗಳನ್ನು ನಡುವೆ ಜಾರಿಸಿ ‘ನಅವು’, ‘ಡೆಯ್’ ಎನ್ನುವಂತೆ ಹೇಳುತ್ತಾರೆ. ಸ್ಕಾಟ್ಲೆಂಡಿನಲ್ಲೂ ನಮ್ಮಂತೆಯೇ ನೇರ ಸ್ವರ.

ನಮಗೆ ಹೊಸದಾಗಿ ಕೇಳಿಸುವುದು ಇಲ್ಲಿನ ಉಕಾರ. ಬಸ್ ಇಲ್ಲಿ ‘ಬುಸ್’, ಕಪ್ ‘ಕುಪ್’, ಲವ್ ‘ಲುವ್’. ಇಡು ಎಂಬರ್ಥದ ‘ಪುಟ್’ ಮತ್ತು ಗಾಲ್ಫ್ ಆಟದ ‘ಪಟ್’ ಎರಡಕ್ಕೂ ಒಂದೇ ಸ್ವರ. ‘ಬಾತ್’, ‘ಗ್ರಾಸ್’ ಎಂಬ ಎಳೆತವೂ ಇಲ್ಲ, ಎಲ್ಲವೂ ಗಿಡ್ಡ ಅಕಾರ. ಹೊಸದಾಗಿ ಬಂದ ನಮ್ಮವರು ಇದನ್ನು ಓದು ಬಾರದವರ ಭಾಷೆ ಎಂದುಕೊಂಡರೆ ನನಗೆ ಸಿಟ್ಟು ಬರುತ್ತದೆ. ನನ್ನ ವಿಭಾಗದ ಮುಖ್ಯಸ್ಥರೇ ‘ಬುಸ್’ ಎನ್ನುತ್ತಾರೆ.

ಅಡಿಲೇಡ್ ಅಮ್ಮ:
ಡಾನ್ಸ್ ವಿಷಯಕ್ಕೆ ಆಸ್ಟ್ರೇಲಿಯಾದ ಕಥೆ ಕೇಳಿ. ‘ಗ್ರಾಸ್’, ‘ಪಾಸ್’, ‘ಕ್ಲಾಸ್’ ಎಂಬ ಪದಗಳಲ್ಲಿ ಇಡೀ ದೇಶದಲ್ಲಿ ದೀರ್ಘ ಆಕಾರವೇ. ಆದರೆ ಸ್ವರದ ಮುಂದೆ ಅನುನಾಸಿಕ ಬಂದರೆ, ಅಂದರೆ ಡಾನ್ಸ್, ಚಾನ್ಸ್, ಪ್ಲಾಂಟ್, ಬ್ರಾಂಚ್ ಮುಂತಾದ ಕಡೆ, ಊರಿಗೊಂದು ರೂಢಿ. ನಾವಿರುವ ಅಡಿಲೇಡಿನಲ್ಲಿ ‘ಡಾನ್ಸ್’ ಹೆಚ್ಚು. ಬ್ರಿಸ್ಬೇನ್, ಮೆಲ್ಬರ್ನ್ ಕಡೆಯವರಲ್ಲಿ ‘ಡ್ಯಾನ್ಸ್’ ಹೆಚ್ಚು. ನನ್ನ ಮಗಳು ಡಾನ್ಸ್ ಎನ್ನುತ್ತಾಳೆ, ಅವಳ ಬ್ರಿಸ್ಬೇನಿನ ಗೆಳತಿ ಡ್ಯಾನ್ಸ್ ಎನ್ನುತ್ತಾಳೆ, ಒಬ್ಬರನ್ನೊಬ್ಬರು ತಿದ್ದಿದ್ದನ್ನು ನಾನು ನೋಡಿಲ್ಲ.

ಈಗ ಕನ್ನಡ ಪತ್ರಿಕೆಗಳನ್ನು ತೆರೆದು ನೋಡಿ. ಕ್ಲಾಸ್, ಪಾಸ್, ಗ್ಲಾಸ್ ಎಂದು ದೀರ್ಘವಾಗಿಯೇ ಬರೆಯುತ್ತೇವೆ. ಡ್ಯಾನ್ಸ್ ಎಂದು ಬರೆಯುತ್ತೇವೆ. ಬ್ರಾಂಚ್, ಬ್ರ್ಯಾಂಚ್ ಎರಡನ್ನೂ ಬರೆಯುತ್ತೇವೆ. ತೊಡಕು ಅಲ್ಲೂ ಇಲ್ಲೂ ಸ್ವರದ ಮುಂದೆ ಅನುನಾಸಿಕ ಬಂದಾಗಲೇ! ಇದನ್ನು ಗಮನಿಸಿದಾಗ ನನಗೆ ತುಂಬ ಖುಷಿಯಾಗಿತ್ತು.

ನೇರನುಡಿ:
ಎಲ್ಲರಿಗೂ ನಮಸ್ಕಾರ. ನನ್ನ ಅಭಿಪ್ರಾಯ ಬೇರೆ. ಊರಿಗೊಂದು ಉಚ್ಚಾರಣೆ ಇರಬಹುದು, ಆದರೆ ಕಲಿಸುವಾಗ ಒಂದು ಮಾದರಿ ಬೇಕು. ಲಂಡನ್ ಸುತ್ತಲಿನ ಸುಶಿಕ್ಷಿತರ ಇಂಗ್ಲಿಷ್, ಬಿಬಿಸಿಯ ಇಂಗ್ಲಿಷ್, ಅದೇ ಮಾದರಿ. ನಿಘಂಟುಗಳೂ ಅದನ್ನೇ ಕೊಡುತ್ತವೆ. ಹಳ್ಳಿಯ ಮಗು ನಾಳೆ ಬೆಂಗಳೂರಿನಲ್ಲಿ ಸಂದರ್ಶನಕ್ಕೆ ಕುಳಿತಾಗ ಯಾರ್ಕ್‌ಶೈರ್‌ನ ರೈತ ಹೀಗೆಯೇ ಹೇಳುತ್ತಾನೆ ಎಂದು ವಾದಿಸಲು ಆಗುತ್ತದೆಯೇ? ಟೀಚರ್ ಒಂದೇ ಮಾದರಿಯನ್ನು ಗಟ್ಟಿಯಾಗಿ ಹಿಡಿಯಲಿ.

ಧ್ವನಿ ಮೇಷ್ಟ್ರು:
ನೇರನುಡಿಯವರ ಕಾಳಜಿ ನಿಜವಾದದ್ದು. ಆದರೆ ಆ ಮಾದರಿ ಎಲ್ಲಿಂದ ಬಂತು ಎಂದು ನೋಡಬೇಕು. ನಾನು ಕಾಲೇಜಿನಲ್ಲಿ ಧ್ವನಿವಿಜ್ಞಾನ ಕಲಿಸಿ ನಿವೃತ್ತನಾದವನು. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಸಹಿಸಿಕೊಳ್ಳಿ.

‘ಬಾತ್’, ‘ಡಾನ್ಸ್’ಗಳ ದೀರ್ಘ ಆಕಾರ ಇಂಗ್ಲಿಷಿನ ಮೂಲ ರೂಪವಲ್ಲ. ಗಿಡ್ಡ ಸ್ವರವೇ ಹಳೆಯದು. 17, 18ನೇ ಶತಮಾನಗಳಲ್ಲಿ ದಕ್ಷಿಣ ಇಂಗ್ಲೆಂಡಿನಲ್ಲಿ ಅದು ಎಳೆಯತೊಡಗಿತು. ಆಗ ಅದಕ್ಕೆ ಮರ್ಯಾದೆ ಇರಲಿಲ್ಲ. 1791ರಲ್ಲಿ ಕೋಶಕಾರ ಜಾನ್ ವಾಕರ್ ‘ಬಾಸ್ಕೆಟ್’, ‘ಪ್ಲಾಂಟ್’ ಎಂಬಂತಹ ಎಳೆತವನ್ನು ಗ್ರಾಮ್ಯಕ್ಕೆ ಹತ್ತಿರವಾದದ್ದು ಎಂದು ಕಂಡಿದ್ದ. ಮುಂದಿನ ಶತಮಾನದಲ್ಲಿ ಅದೇ ಎಳೆತ ಲಂಡನ್ನಿನ ಉಳ್ಳವರ ಗುರುತಾಯಿತು. ಉತ್ತರ ಇಂಗ್ಲೆಂಡೂ ಅಮೆರಿಕದ ಹೆಚ್ಚಿನ ಭಾಗವೂ ಹಳೆಯದನ್ನೇ ಉಳಿಸಿಕೊಂಡವು.

‘ರೋಡ್’, ‘ಕೇಕ್’ಗಳದ್ದೂ ಹೀಗೆಯೇ. ಈ ಸ್ವರಗಳು ದಕ್ಷಿಣ ಇಂಗ್ಲೆಂಡಿನಲ್ಲಿ ಜಾರತೊಡಗಿದ್ದು 1800ರ ಆಸುಪಾಸಿನಲ್ಲಿ. ಅದಕ್ಕೆ ಮೊದಲು ಲಂಡನ್ನಿನವರದ್ದೂ ನೇರ ಓಕಾರವೇ, ನೇರ ಏಕಾರವೇ. ಅದಕ್ಕೂ ಹಿಂದೆ ಹೋದರೆ, ಸುಮಾರು 1400ರಿಂದ 1700ರವರೆಗೆ ಇಂಗ್ಲಿಷಿನ ಎಲ್ಲ ದೀರ್ಘ ಸ್ವರಗಳೂ ಜಾಗ ಬದಲಿಸಿದವು. ‘ಹೌಸ್’ ಆಗ ‘ಹೂಸ್’ ಆಗಿತ್ತು. ಸ್ಕಾಟ್ ನುಡಿಯಲ್ಲಿ ಇಂದಿಗೂ ಅದು ‘ಹೂಸ್’. ಈ ಪಲ್ಲಟ ನಡೆಯುತ್ತಿರುವಾಗಲೇ, 1476ರಲ್ಲಿ, ವಿಲಿಯಂ ಕ್ಯಾಕ್ಸ್‌ಟನ್ ಇಂಗ್ಲೆಂಡಿಗೆ ಮುದ್ರಣ ತಂದ. ಕಾಗುಣಿತ ನಿಂತುಹೋಯಿತು, ಬಾಯಿ ಮುಂದೆ ಹೋಯಿತು. ನಮ್ಮ ಮಕ್ಕಳು ಸ್ಪೆಲ್ಲಿಂಗ್ ಬಾಯಿಪಾಠ ಮಾಡುತ್ತಾ ಅಳುವುದಕ್ಕೆ ಇದೇ ಕಾರಣ.

ಇನ್ನು ಬಿಬಿಸಿ. ಏಕರೂಪ ಉಚ್ಚಾರಣೆಗಾಗಿ 1926ರಲ್ಲಿ ಅದು ಸಲಹಾ ಸಮಿತಿಯನ್ನೇ ನೇಮಿಸಿತು. ಮೊದಲು ಕವಿ ರಾಬರ್ಟ್ ಬ್ರಿಜಸ್ ಅಧ್ಯಕ್ಷರು, ಆಮೇಲೆ ಐರ್ಲೆಂಡಿನ ಬರ್ನಾರ್ಡ್ ಶಾ. ಪಂಡಿತರೇ ಒಂದೊಂದು ಪದಕ್ಕೂ ಜಗಳವಾಡಿದರು. ಮಹಾಯುದ್ಧದ ನಡುವೆ, 1941ರಲ್ಲಿ, ಯಾರ್ಕ್‌ಶೈರ್‌ನ ಹ್ಯಾಲಿಫ್ಯಾಕ್ಸ್ ಊರಿನ ವಿಲ್‌ಫ್ರೆಡ್ ಪಿಕಲ್ಸ್ ತನ್ನ ಊರಿನ ಗಿಡ್ಡ ಅಕಾರದಲ್ಲೇ ಇಡೀ ದೇಶಕ್ಕೆ ಬಿಬಿಸಿ ವಾರ್ತೆ ಓದಿದ. 1950ರಿಂದ 1961ರವರೆಗೆ ಲೀಡ್ಸ್ ವಿಶ್ವವಿದ್ಯಾಲಯದ ಹೆರಾಲ್ಡ್ ಆರ್ಟನ್ ತಂಡದವರು 313 ಊರುಗಳನ್ನು ಸುತ್ತಿ ಹಿರಿಯರ ಮಾತನ್ನು ದಾಖಲಿಸಿದರು. ‘ಕಪ್’, ‘ಕುಪ್’ಗಳ ಗಡಿರೇಖೆಯನ್ನು ಇಂದು ನಕ್ಷೆಯ ಮೇಲೆ ಎಳೆಯಬಹುದಾದದ್ದು ಅಂತಹ ಕೆಲಸದಿಂದ.

ಕಾಮೆಂಟರಿ ಕಿವಿ:
ಮೇಷ್ಟ್ರೇ, ಇದನ್ನೆಲ್ಲ ನಮ್ಮಂಥವರಿಗೆ ಪುಸ್ತಕವಿಲ್ಲದೆ ಕಲಿಸಿದ್ದು ಕ್ರಿಕೆಟ್ ಕಾಮೆಂಟರಿ. ಜೆಫ್ರಿ ಬಾಯ್ಕಾಟ್ ಕೆಟ್ಟ ಹೊಡೆತವನ್ನು ‘ರುಬ್ಬಿಶ್’ ಎಂದಾಗ ಅದು ಯಾರ್ಕ್‌ಶೈರ್‌ನ ಉಕಾರ. ನ್ಯೂಜಿಲೆಂಡಿನ ಇಯಾನ್ ಸ್ಮಿತ್ ಮಾತಿನಲ್ಲಿ ‘ಸಿಕ್ಸ್’ ‘ಸಕ್ಸ್’ಗೆ ಹತ್ತಿರ, ‘ಟೆನ್’ ‘ಟಿನ್’ಗೆ ಹತ್ತಿರ. ಆಸ್ಟ್ರೇಲಿಯಾದವರ ‘ಡೇ’ ನಮ್ಮ ಕಿವಿಗೆ ‘ಡೈ’. ಜಮೈಕಾದ ಮೈಕಲ್ ಹೋಲ್ಡಿಂಗ್ ಮಾತಿನ ಲಯಕ್ಕೆ ನಾನು ಮಾರುಹೋಗಿದ್ದೇನೆ. ಅವರು ಬೌಲಿಂಗ್ ಬಗ್ಗೆ ಮಾತನಾಡಿದರೆ ಪ್ರತಿ ಸ್ವರವೂ ತುಂಬಿಕೊಂಡು ಬರುತ್ತದೆ. ಇವರಲ್ಲಿ ಯಾರ ಇಂಗ್ಲಿಷ್ ತಪ್ಪು ಎಂದು ಹೇಳುವುದು? ಎಲ್ಲರೂ ಲಕ್ಷಾಂತರ ಜನರಿಗೆ ಅರ್ಥವಾದವರೇ.

ಡೆಟ್ರಾಯ್ಟ್ ವಾಸಿ:
ಅಮೆರಿಕವೆಂದರೆ ಒಂದೇ ಉಚ್ಚಾರಣೆ ಎಂದು ಭಾವಿಸಬೇಡಿ. ನಾನು ಮೊದಲು ಡಲ್ಲಾಸ್‌ನಲ್ಲಿದ್ದೆ. ದಕ್ಷಿಣದ ರಾಜ್ಯಗಳಲ್ಲಿ ಅನುನಾಸಿಕದ ಹಿಂದೆ ಬರುವ ಎಕಾರ ಇಕಾರವಾಗುತ್ತದೆ, ಹಾಗಾಗಿ ‘ಪಿನ್’, ‘ಪೆನ್’ ಒಂದೇ. ಗೊಂದಲ ಬಾರದಿರಲೆಂದು ಅವರು ಬರೆಯುವುದನ್ನು ‘ಇಂಕ್ ಪೆನ್’ ಎಂದು ಸೇರಿಸಿ ಹೇಳುತ್ತಾರೆ. ಇಲ್ಲಿ ಮಹಾಸರೋವರಗಳ ಸುತ್ತ, ಷಿಕಾಗೊ, ಡೆಟ್ರಾಯ್ಟ್, ಕ್ಲೀವ್‌ಲೆಂಡ್, ಬಫಲೋ ಊರುಗಳ ಹಿರಿಯರಲ್ಲಿ ‘ಬ್ಲಾಕ್’ ಎಂದದ್ದು ‘ಬ್ಲ್ಯಾಕ್’ ಎಂಬಂತೆ ಕೇಳಿಸುತ್ತದೆ, ‘ಕ್ಯಾಟ್’ ‘ಕಿಯಟ್’ ಆಗುತ್ತದೆ. ಒಂದು ಸ್ವರ ಸರಿದರೆ ಖಾಲಿಯಾದ ಜಾಗಕ್ಕೆ ಇನ್ನೊಂದು ಬರುತ್ತದೆ. ಹೊಸ ತಲೆಮಾರಿನಲ್ಲಿ ಇದು ಹಿಂದೆ ಸರಿಯುತ್ತಿದೆ.

ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಲಬಾವ್ ಅವರ ಮೊದಲ ಅಧ್ಯಯನವನ್ನೂ ಹೇಳಲೇಬೇಕು. ಮ್ಯಾಸಚೂಸೆಟ್ಸ್ ಕರಾವಳಿಯಾಚೆ ಮಾರ್ಥಾಸ್ ವಿನ್‌ಯಾರ್ಡ್ ಎಂಬ ದ್ವೀಪವಿದೆ. ಬೇಸಿಗೆಯಲ್ಲಿ ಅಲ್ಲಿ ಹಣವಂತ ಪ್ರವಾಸಿಗರ ದಂಡು. ಅಲ್ಲಿನ ಕೆಲವರು ‘ರೈಟ್’, ‘ಹೌಸ್’ ಎಂಬಲ್ಲಿ ಸ್ವರದ ಆರಂಭವನ್ನು ಅಗಲವಾಗಿ ತೆರೆಯದೆ ‘ರಯಿಟ್’, ‘ಹವುಸ್’ ಎಂಬಂತೆ ಹೇಳುವುದನ್ನು ಅವರು ಗಮನಿಸಿದರು. 1963ರಲ್ಲಿ ಪ್ರಕಟವಾದ ಫಲಿತಾಂಶ ಏನೆಂದರೆ, ಈ ಗುಣ ಮೀನುಗಾರರಲ್ಲಿ, ಅದರಲ್ಲೂ ದ್ವೀಪದಲ್ಲೇ ಬದುಕು ಕಟ್ಟಿಕೊಳ್ಳಲು ನಿರ್ಧರಿಸಿದವರಲ್ಲಿ ಹೆಚ್ಚು. ಊರು ಬಿಡಲು ಹೊರಟವರಲ್ಲಿ ಕಡಿಮೆ. ‘ನಾವು ಈ ಊರಿನವರು’ ಎಂಬ ಮಾತನ್ನು ಅವರು ಸ್ವರದಲ್ಲೇ ಹೇಳುತ್ತಿದ್ದರು.

ಕಾಸರಗೋಡಿನಿಂದ:
ನಮ್ಮಲ್ಲಿ ಒಂದೇ ಬೀದಿಯಲ್ಲಿ ಎರಡು ಇಂಗ್ಲಿಷ್. ಕನ್ನಡ ಶಾಲೆಯಲ್ಲಿ ಓದಿದವರು ‘ಕಾಲೇಜು’, ‘ಡಾಕ್ಟರ್’, ‘ಆಫೀಸು’ ಎನ್ನುತ್ತೇವೆ. ಮಲಯಾಳಂ ಮಾಧ್ಯಮದ ನೆರೆಯವರು ‘ಕೋಳೇಜ್’, ‘ಡೋಕ್ಟರ್’, ‘ಓಫೀಸ್’ ಎನ್ನುತ್ತಾರೆ. ಇಂಗ್ಲಿಷಿನ ಅದೇ ಸ್ವರವನ್ನು ಅವರು ಓಕಾರವಾಗಿ ಕೇಳಿಸಿಕೊಂಡರು, ನಾವು ಆಕಾರವಾಗಿ. ಹಿಂದಿ, ಮರಾಠಿಯವರು ಆಕಾರದ ಮೇಲೆ ಅರ್ಧಚಂದ್ರದ ಗುರುತು ಹಾಕಿ ನಡುವಿನ ಸ್ವರಕ್ಕೆ ಲಿಪಿಯಲ್ಲೇ ಜಾಗ ಮಾಡಿಕೊಂಡಿದ್ದಾರೆ. ಇದರಲ್ಲಿ ಯಾರದ್ದು ಮೂಲಕ್ಕೆ ಹತ್ತಿರ ಎಂದು ಮೇಷ್ಟ್ರು ಹೇಳಬೇಕು.

ಸಾಧನಕೇರಿ:
ನಾನು ಧಾರವಾಡದವಳು. ಕನ್ನಡದಲ್ಲಿ ಆ ಸ್ವರವಿಲ್ಲ, ಈ ಸ್ವರವಿಲ್ಲ, ಆದ್ದರಿಂದ ನಮ್ಮ ಬಾಯಿ ತಿರುಗುವುದಿಲ್ಲ ಎಂದು ತರಬೇತಿ ಕೊಡುವವರು ಹೇಳುವುದನ್ನು ಕೇಳಿ ಕೇಳಿ ಬೇಸರವಾಗಿದೆ. ಬರಹದಲ್ಲಿ ‘ಮೇಲೆ’, ‘ಬೇಡ’, ‘ಪೇಟೆ’ ಇದ್ದರೂ ಆಡುಮಾತಿನಲ್ಲಿ ‘ಮ್ಯಾಲೆ’, ‘ಬ್ಯಾಡ’, ‘ಪ್ಯಾಟಿ’ ಎನ್ನುತ್ತೇವೆ. ‘ಬ್ಯಾಟ್’ ಎಂಬ ಪದಕ್ಕೆ ಬೇಕಾದ ಸ್ವರ ಇದೇ ತಾನೇ? ‘ತೋಟ’ವನ್ನು ‘ತ್ವಾಟ’ ಎನ್ನುವ ಹಳ್ಳಿಯ ಮಗುವಿಗೆ ಬಾಯಿ ತೆರೆದು ಆಡುವ ಓಕಾರವೂ ಗೊತ್ತು. ಶಾಲೆಯಲ್ಲಿ ಮೊದಲು ಈ ಮಾತನ್ನು ಅಶುದ್ಧ ಎಂದು ಬಿಡಿಸುತ್ತೇವೆ. ಆಮೇಲೆ ಅದೇ ಸ್ವರವನ್ನು ಇಂಗ್ಲಿಷಿಗಾಗಿ ಹಣ ಕೊಟ್ಟು ಕಲಿಸುತ್ತೇವೆ. ಇದು ಅನ್ಯಾಯ.

ನೇರನುಡಿ:
ಸಾಧನಕೇರಿಯವರ ಮಾತು ಮನಸ್ಸಿಗೆ ತಟ್ಟಿತು. ಆದರೂ ಕೇಳುತ್ತೇನೆ: ನಮ್ಮ ಉಚ್ಚಾರಣೆ ಅರ್ಥವಾಗದಿದ್ದರೆ? ಹೊರದೇಶದವರ ಜೊತೆ ಫೋನಿನಲ್ಲಿ ಕೆಲಸ ಮಾಡುವವರ ಕಷ್ಟ ನನಗೆ ಗೊತ್ತು. ಅವರಿಗೆ ಹೆಮ್ಮೆಯಿಂದ ಹೊಟ್ಟೆ ತುಂಬುವುದಿಲ್ಲ. ಮಾದರಿ ಬೇಡವೆಂದರೆ ಯಾವುದನ್ನು ತಿದ್ದಬೇಕು, ಯಾವುದನ್ನು ಬಿಡಬೇಕು?

ಧ್ವನಿ ಮೇಷ್ಟ್ರು:
ಸರಿಯಾದ ಪ್ರಶ್ನೆ. ಎರಡು ಪದಗಳು ಒಂದೇ ಆಗಿ ಕೇಳಿಸಿ ಅರ್ಥ ಕೆಡುವಂತಿದ್ದರೆ ತಿದ್ದಬೇಕು. ಸ್ವರದ ಬಣ್ಣ ಮಾತ್ರ ಬೇರೆಯಾಗಿದ್ದರೆ ಬಿಡಬೇಕು. ‘ರೋಡ್’ ಎಂದು ನೇರವಾಗಿ ಹೇಳಿದರೆ ಯಾವ ಪದಕ್ಕೂ ಅದು ಡಿಕ್ಕಿ ಹೊಡೆಯುವುದಿಲ್ಲ. ‘ಮೆನ್’, ‘ಮ್ಯಾನ್’ ಒಂದಾದರೆ ಏಕವಚನ, ಬಹುವಚನವೇ ಹೋಯಿತು, ಅದನ್ನು ತಿದ್ದಲೇಬೇಕು. ಹ್ರಸ್ವ, ದೀರ್ಘ ನಮಗೆ ಹುಟ್ಟಿನಿಂದ ಬಂದದ್ದು. ಸ್ಕಾಟ್ಲೆಂಡಿನವರಿಗೆ ‘ಪುಲ್’, ‘ಪೂಲ್’ ಒಂದೇ, ನಮ್ಮ ಒಂದನೇ ತರಗತಿಯ ಮಗು ಅವನ್ನು ಸುಲಭವಾಗಿ ಬೇರೆ ಮಾಡುತ್ತದೆ.

ಕಾಸರಗೋಡಿನವರಿಗೆ ಉತ್ತರ: ಯಾವ ಮೂಲ ಎಂಬುದರ ಮೇಲೆ ಹೋಗುತ್ತದೆ. ಲಂಡನ್ ಕಿವಿಗೆ ‘ಡೋಕ್ಟರ್’ ಹತ್ತಿರ, ಅಮೆರಿಕದ ಕಿವಿಗೆ ‘ಡಾಕ್ಟರ್’ ಹತ್ತಿರ. ಅಂಗಿಯ ‘ಕಾಲರ್’ ಮತ್ತು ಕರೆ ಮಾಡುವ ‘ಕಾಲರ್’ ನಮ್ಮಲ್ಲಿ ಒಂದೇ ಆಗಿವೆ. ಕೆನಡಾದಲ್ಲೂ ಸ್ಕಾಟ್ಲೆಂಡಿನಲ್ಲೂ ಒಂದೇ. ಅದರ ಜೊತೆಗೆ ‘ಫಾದರ್’ ಪದದ ಆಕಾರವನ್ನೂ ಸೇರಿಸಿ ಮೂರನ್ನೂ ಒಂದು ಮಾಡುವುದರಲ್ಲಿ ನಮಗೆ ಕ್ಯಾಲಿಫೋರ್ನಿಯಾದವರು ಜೊತೆಗಿದ್ದಾರೆ.

ಆದರೆ ನಾನು ಈ ಚರ್ಚೆಗೆ ಬಂದದ್ದೇ ಬೇರೊಂದು ವಿಷಯ ಹೇಳಲು. ಈ ಪದಗಳನ್ನು ಗಟ್ಟಿಯಾಗಿ ಓದಿಕೊಳ್ಳಿ: ಶಾರ್ಟ್, ನಾರ್ತ್, ಹಾರ್ನ್, ಮಾರ್ನಿಂಗ್, ಆರ್ಡರ್, ಲಾರ್ಡ್, ಕಾರ್ನರ್, ಯೂನಿಫಾರಂ, ಪಾಪ್‌ಕಾರ್ನ್, ನ್ಯೂಯಾರ್ಕ್. ಈಗ ಇವನ್ನು ಓದಿ: ಸ್ಪೋರ್ಟ್ಸ್, ಪೋರ್ಟ್, ಕೋರ್ಟ್, ರಿಪೋರ್ಟ್, ಬೋರ್ಡ್, ಫೋರ್ಸ್, ಸ್ಕೋರ್, ಸ್ಟೋರ್, ಕೋರ್ಸ್, ಬೋರ್‌ವೆಲ್, ಫೋರ್ಡ್. ಮೊದಲ ಗುಂಪಿಗೆ ಆ, ಎರಡನೆಯದಕ್ಕೆ ಓ. ಹೀಗೆ ಬೇರೆ ಮಾಡಿದ್ದು ಯಾರು? ಕಾಗುಣಿತ ಅಲ್ಲ. ಇಂಗ್ಲಿಷಿನಲ್ಲಿ ‘ಶಾರ್ಟ್’, ‘ಸ್ಪೋರ್ಟ್’ ಎರಡೂ ಓ, ಆರ್, ಟಿ ಎಂಬ ಒಂದೇ ಅಕ್ಷರಗಳಲ್ಲಿ ಮುಗಿಯುತ್ತವೆ. ‘ಲಾರ್ಡ್’, ‘ಫೋರ್ಡ್’ ಕೂಡ ಹಾಗೆಯೇ. ಆದರೂ ‘ಸ್ಪಾರ್ಟ್ಸ್’ ಎಂದಾಗಲಿ ‘ಹೋರ್ನ್’ ಎಂದಾಗಲಿ ಯಾವ ಕನ್ನಡಿಗನೂ ಹೇಳುವುದಿಲ್ಲ.

ಇಂದಿನ ಲಂಡನ್ನಿನಲ್ಲಿ ಈ ಎರಡು ಗುಂಪುಗಳಿಗೂ ಒಂದೇ ಸ್ವರ. ಅಮೆರಿಕದಲ್ಲೂ ಬಹುತೇಕ ಒಂದೇ. ಹಿಂದೆ ಹಾಗಿರಲಿಲ್ಲ. ಕುದುರೆ ಎಂಬರ್ಥದ ‘ಹಾರ್ಸ್’ ಬೇರೆ, ಗಂಟಲು ಕಟ್ಟಿದ ಎಂಬರ್ಥದ ‘ಹೋರ್ಸ್’ ಬೇರೆ. 19ನೇ ಶತಮಾನದಲ್ಲಿ ಇಂಗ್ಲಿಷ್ ಭಾರತದ ಶಾಲೆಗಳಿಗೆ ಬಂದಾಗ ಆ ಭೇದ ಜೀವಂತವಾಗಿತ್ತು. ನಮ್ಮ ಹಿರಿಯರು ಕಿವಿಯಿಂದ ಕೇಳಿ, ಆ ಒಂದನ್ನು ಆಕಾರವಾಗಿಯೂ ಇನ್ನೊಂದನ್ನು ಓಕಾರವಾಗಿಯೂ ಹಿಡಿದುಕೊಂಡರು. ಕಲಿಸಿದವರ ನಾಡಿನಲ್ಲಿ ಅದು ಕರಗಿಹೋಯಿತು. ಇಂಗ್ಲಿಷ್ ಶಾಲೆಯ ಮೆಟ್ಟಿಲು ಹತ್ತದ ನಮ್ಮ ಆಟೋ ಚಾಲಕರೂ ‘ಹಾರ್ನ್’, ‘ಕೋರ್ಟ್’ ಎಂದು ಅದನ್ನು ಕಾಪಾಡಿಕೊಂಡು ಬಂದಿದ್ದಾರೆ. ಒಂದೆರಡು ಪದಗಳು ತಪ್ಪಿಸಿಕೊಂಡಿವೆ. ಊಟದ ‘ಫೋರ್ಕ್’ ಲೆಕ್ಕದ ಪ್ರಕಾರ ‘ಫಾರ್ಕ್’ ಆಗಬೇಕಿತ್ತು. ಉಳಿದಂತೆ ಈ ವ್ಯವಸ್ಥೆ ಬೆರಗುಗೊಳಿಸುವಷ್ಟು ಅಚ್ಚುಕಟ್ಟಾಗಿದೆ. ಇದನ್ನು ಕಲಬೆರಕೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಹಾಗೆಂದು ನಮ್ಮದೆಲ್ಲವೂ ಕಿವಿಯಿಂದ ಬಂದದ್ದಲ್ಲ. ‘ಬೌಲರ್’ ಎಂಬಲ್ಲಿನ ಔಕಾರ ಕೇವಲ ಕಾಗುಣಿತ ನೋಡಿ ಮಾಡಿಕೊಂಡದ್ದು. ಇಂಗ್ಲಿಷರದ್ದು ‘ಬೋಲರ್’ಗೆ ಹತ್ತಿರ.

ಅಡಿಲೇಡ್ ಅಮ್ಮ:
ಶಾರ್ಟ್, ಸ್ಪೋರ್ಟ್! ಇಷ್ಟು ವರ್ಷ ಎರಡನ್ನೂ ಬಾಯಲ್ಲಿಟ್ಟುಕೊಂಡು ಗಮನಿಸಿರಲಿಲ್ಲ. ಮಗಳ ಬಾಯಲ್ಲಿ ಎರಡೂ ಒಂದೇ. ನನ್ನ ತಾಯಿ ಫೋನಿನಲ್ಲಿ ಮಾತನಾಡುವಾಗ ಸ್ಪಷ್ಟವಾಗಿ ಬೇರೆ.

ದಾವಣಗೆರೆ ಟೀಚರ್:
ಎಲ್ಲರಿಗೂ ಕೃತಜ್ಞತೆಗಳು. ಮೇಷ್ಟ್ರೇ, ‘ಮೆನ್’, ‘ಮ್ಯಾನ್’ ಅಭ್ಯಾಸಕ್ಕೆ ಸಾಧನಕೇರಿಯವರ ‘ಮೇಲೆ’, ‘ಮ್ಯಾಲೆ’ಯಿಂದಲೇ ಶುರು ಮಾಡುತ್ತೇನೆ. ನಮ್ಮ ಹಳ್ಳಿಗಳ ಮಕ್ಕಳೂ ಹಾಗೆಯೇ ಮಾತನಾಡುತ್ತಾರೆ. ಡಾನ್ಸ್, ಡ್ಯಾನ್ಸ್ ಎರಡಕ್ಕೂ ಅಂಕ ಕೊಡುತ್ತೇನೆ. ನೇರನುಡಿಯವರು ಕೇಳಿದ ಫೋನ್ ಕೆಲಸದ ವಿಷಯ ಉಳಿದಿದೆ. ಬ್ರಿಟನ್ನಿನಲ್ಲಿ ಇರುವವರಿಗೆ ನಮ್ಮ ಯಾವ ಸ್ವರ ನಿಜವಾಗಿ ತೊಂದರೆ ಕೊಡುತ್ತದೆ?

ಲೀಡ್ಸ್ ಕನ್ನಡಿಗ:
ನಾನು ವಾರ್ಡಿನಲ್ಲಿ ಕಂಡಂತೆ, ‘ಹಾಟ್’ ಎಂಬುದು. ಇಲ್ಲಿನವರು ‘ಹಾರ್ಟ್’ ಪದದ ರಕಾರವನ್ನು ಉಚ್ಚರಿಸುವುದಿಲ್ಲ. ನಾವು ಬಿಸಿ ಎಂಬರ್ಥದಲ್ಲಿ ‘ಹಾಟ್’ ಎಂದು ಎಳೆದರೆ ಅವರಿಗೆ ಹೃದಯ ಎಂದು ಕೇಳಿಸುತ್ತದೆ. ‘ಪಾಟ್’, ‘ಪಾರ್ಟ್’ ಕೂಡ ಹಾಗೆಯೇ. ನಮ್ಮ ವಾರ್ಡಿನ ಕೇರಳದ ನರ್ಸುಗಳು ‘ಹೋಟ್’ ಎಂಬಂತೆ ಹೇಳುವುದರಿಂದ ಅವರಿಗೆ ಈ ತೊಂದರೆ ಕಡಿಮೆ. ನೇರನುಡಿಯವರೇ, ಬ್ರಿಟನ್ನಿನವರ ಜೊತೆ ಕೆಲಸ ಮಾಡುವವರಿಗೆ ಇದೊಂದನ್ನು ಮೊದಲು ಹೇಳಿಕೊಡಿ: ತುಟಿ ಸ್ವಲ್ಪ ದುಂಡಗೆ ಮಾಡಬೇಕು, ಎಳೆಯಬಾರದು. ಅಮೆರಿಕದವರ ಜೊತೆ ಮಾತನಾಡುವವರಿಗೆ ಇದರ ಅಗತ್ಯವೇ ಇಲ್ಲ.

ನೇರನುಡಿ:
ಇದು ಕೆಲಸಕ್ಕೆ ಬರುವ ಮಾತು. ಯಾರ ಜೊತೆ ಮಾತನಾಡುತ್ತೇವೆ ಎಂಬುದರ ಮೇಲೆ ಏನನ್ನು ತಿದ್ದಬೇಕು ಎಂಬುದು ಬದಲಾಗುತ್ತದೆ ಎಂಬುದನ್ನು ಒಪ್ಪುತ್ತೇನೆ. ಮಾದರಿ ಬೇಕು ಎಂಬ ಮಾತನ್ನು ಬಿಡುವುದಿಲ್ಲ. ಆದರೆ ಅದು ಭಾರತದ ಸುಶಿಕ್ಷಿತರದ್ದೇ ಆಗಿರಬಹುದು.

ಲೀಡ್ಸ್ ಕನ್ನಡಿಗ:
ಇನ್ನೊಂದು ಮಾತು. ಮೇಷ್ಟ್ರ ಪಟ್ಟಿಯನ್ನು ಐರ್ಲೆಂಡಿನ ಕಾರ್ಕ್ ಕಡೆಯ ನಮ್ಮ ಹಿರಿಯ ನರ್ಸ್ ಒಬ್ಬರಿಂದ ಓದಿಸಿದೆ. ‘ಹಾರ್ಸ್’, ‘ಹೋರ್ಸ್’ ಬೇರೆ. ಬೆಳಗಿನ ‘ಮಾರ್ನಿಂಗ್’, ಶೋಕದ ‘ಮೋರ್ನಿಂಗ್’ ಬೇರೆ. ‘ಶಾರ್ಟ್’, ‘ಸ್ಪೋರ್ಟ್’ ಬೇರೆ. ಪಕ್ಕದಲ್ಲಿದ್ದ ಯಾರ್ಕ್‌ಶೈರ್‌ನ ಯುವ ವೈದ್ಯೆಗೆ ಅವರು ಏನನ್ನು ಬೇರೆ ಮಾಡುತ್ತಿದ್ದಾರೆ ಎಂಬುದೇ ಮೊದಲು ತಿಳಿಯಲಿಲ್ಲ. ನನಗೆ ಒಂದೊಂದೂ ಸ್ಪಷ್ಟವಾಗಿ ಕೇಳಿಸಿತು.